ನಕಾಶಿಯೊಳಗಿನ ಬಿಳಿ ಪಟ್ಟಿ

ರಸ್ತಾ ದಾಟೋ ಬಿಳಿ ಪಟ್ಟಿ ಹುಡುಕ್ಕೋತ ಸೊಲ್ಲಾಪುರದಾಗ ತಿರಗಾಂವಗ ಪಟ್ಟಿ ಸಿಗದಿದ್ರೂ ನಗಿಪಾಟಲು ದಿನಾ ಸಿಗತೈತಿ. ನನ್ನ ಹೊಟ್ಟೀಪಾಡು ಟಾವೆಲ್ ಅಂಗಡ್ಯಾಗ. ಉಳದ ಹೊತ್ತಿನಾಗ ಮೊಬೈಲ್‌ನ್ಯಾಗ ನಕಾಶಿ ತಿದ್ದತೀನಿ. ಊರೂರಿನ ಮಂದಿ ಕೂಡಿ ಬರಿಯೋ ನಕಾಶಿ ಅದು. ಎಲ್ಲಿ ಪಟ್ಟಿ ಕಾಣ್ತಾವು ಅಲ್ಲಿ ಗುರುತು ಹಾಕೋದು ನನ್ನ ಚಟ.

ಚಟ ಹತ್ತಿದ್ದು ನಮ್ಮಕ್ಕನ ಸಲುವಾಗಿ. ಅಕ್ಕ ಮನ್ಯಾಗ ಬೀಡಿ ಕಟ್ಟತಾಳ. ಕಟ್ಟಿದ್ದು ಕೊಡಾಕ ದಿನಾ ಕಾರ್ಖಾನಿ ಮುಂದಿನ ದೊಡ್ಡ ರಸ್ತಾ ದಾಟಬೇಕು. ಹ್ವಾದ ವರ್ಷ ಅಲ್ಲೇ ಒಂದು ಮೋಟರ್‌ಸೈಕಲ್ ಬಡದು ಕಾಲು ಮುರೀತು. ಈಗೂ ಕುಂಟತಾಳ. ಆಕಿ ದಾಟೋ ಜಾಗಾದಾಗ ಪಟ್ಟಿ ಬಳೀಬೇಕು, ಅಷ್ಟ ನನ್ನ ಆಸೆ.

೧

ಒಂದಿನ ನಕಾಶ್ಯಾಗ ನಮ್ಮ ಮಗ್ಗದ ಓಣಿಗೆ ಹೊಸಾ ಪಟ್ಟಿ ಗುರುತು ಬಂದಿತ್ತು. ಅಬ್ಬಾ, ನಮ್ಮ ಓಣಿಗೂ ದೆಸಿ ತೆರೀತು ಅಂತ ಓಡಿ ಹೋಗಿ ನೋಡಿದ್ರ, ನೆಲದ ಮ್ಯಾಲ ಸಾಲಾಗಿ ಬಿಳಿ ಟಾವೆಲ್ ಒಣಾಕ ಹಾಕ್ಯಾರ! ಯಾವುದೋ ದೂರದ ಊರಾಂವ ಆಕಾಶದಿಂದ ತಗದ ಫೋಟೋ ನೋಡಿ ಗುರುತು ಹಾಕಿದ್ದ. "ಅವು ಟಾವೆಲ್ ರೀ" ಅಂತ ಬರದೆ.

ಅಂವ ಉತ್ತರ ಬರದ: "ತಪ್ಪಾತ್ರಿ. ಅಷ್ಟು ಬೆಳ್ಳಗ ಇದ್ದಾಗನ ನನಗ ಸಂಶಯ ಬರಬೇಕಿತ್ತು."

೨

ಅಕ್ಕಲಕೋಟಿಗೆ ಹೋದಾಗ ಅಲ್ಲಿ ಅರ್ಧಮರ್ಧ ಅಳಿಸಿದ ಪಟ್ಟಿ ಕಂಡ್ವು. ಅವುಗಳ ತುದ್ಯಾಗ ನಿಂತು ಫೋಟೋ ತಗ್ಯಾಕತ್ತಿದ್ದೆ. ಹಿಂದ ಹೊಳ್ಳಿ ನೋಡ್ತೀನಿ, ಹತ್ತು ಮಂದಿ ಪಾಳಿ ಹಚ್ಯಾರ! ಅಕ್ಕಲಕೋಟಿ ಅಂದ್ರ ಸ್ವಾಮಿ ಗುಡಿ ಊರು, ಯಾರರೆ ಸುಮ್ಮನ ನಿಂತ್ರ ಅದು ಪ್ರಸಾದದ ಪಾಳಿನ.

"ಮುಂದ ಸರಿಯೋ ಯಪ್ಪಾ, ಊಟಕ್ಕ ಎಷ್ಟೊತ್ತು?" ಅಂದ್ಲು ನನ್ನ ಹಿಂದಿನ ಮುದುಕಿ.

"ಇದು ಊಟದ ಪಾಳಿ ಅಲ್ಲಬೇ, ರಸ್ತಾ ದಾಟೋ ಜಾಗಾ."

ಮುದುಕಿ ಲಾರಿಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ್ಲು. "ಹಂಗಿದ್ರ ಮೊದಲ ಗುಡಿಗೆ ಹೋಗಿ ಹರಕಿ ಹೊತ್ತು ಬಾ" ಅಂದ್ಲು.

೩

ಅಕ್ಕನ ರಸ್ತಾಕ್ಕ ಪಟ್ಟಿ ಬಳೀರಿ ಅಂತ ಅರ್ಜಿ ಹಿಡಕೊಂಡು ಪಾಲಿಕೆ ಕಚೇರಿಗೆ ಹ್ವಾದೆ. ಸಾಹೇಬ್ರು ಕಂಪ್ಯೂಟರ್‌ನ್ಯಾಗ ನಕಾಶಿ ತಗದ್ರು. "ಇಲ್ಲಿ ಪಟ್ಟಿ ಐತೆಲ್ಲ! ಇದ್ದದ್ದಕ್ಕ ಮತ್ಯಾಕ ಬಣ್ಣ?" ಅಂದ್ರು.

ಆ ಗುರುತು ಹಾಕಿದಾಂವ ನಾನ! ಚಟ ಹತ್ತಿದ ಹೊಸದಾಗಿ ಅಲ್ಲೊಂದೀಟು ಹಳೇ ಬಣ್ಣ ಉಳದಿತ್ತು. ಆಮ್ಯಾಲ ಡಾಂಬರು ಬಿದ್ದು ಅದೂ ಮುಚ್ಚಿ ಹೋಗೈತಿ.

"ಸಾಹೇಬ್ರ, ಈಗ ಅಲ್ಲಿ ಏನೂ ಇಲ್ರಿ. ಒಮ್ಮೆ ಬಂದು ರಸ್ತಾ ನೋಡ್ರಿ."

"ರಸ್ತಾ ನೋಡ್ಕೋತ ಕುಂತ್ರ ಕೆಲಸ ಯಾವಾಗ ಮಾಡೂದು?"

ಮಾಡಿದ್ದುಣ್ಣೋ ಮಹಾರಾಯ ಅಂತ ನನ್ನ ನಾನ ಬೈಕೋತ ಮನಿಗೆ ಬಂದೆ.

೪

ಆವತ್ತ ಗುರುತು ಅಳಿಸಿದೆ. ಮರುದಿನ ಮತ್ತ ಹ್ವಾದೆ. ಸಾಹೇಬ್ರು ನೋಡಿದ್ರು, "ಖರೆ, ಪಟ್ಟಿ ಇಲ್ಲ" ಅಂದ್ರು. ನಾ ಹಿಗ್ಗಿದೆ. ಅವರ ಹುಬ್ಬು ಗಂಟಾತು. "ಪಟ್ಟಿ ಇಲ್ಲದಲ್ಲಿ ನಿಮ್ಮ ಹೆಣ್ಮಕ್ಕಳು ದಾಟತಾರಂದ್ರ ಅದು ಕಾಯ್ದೆ ಪ್ರಕಾರ ತಪ್ಪಲ್ಲೇನು? ಬಂದೋಬಸ್ತ್ ಮಾಡತೀವಿ."

ಮಾಡಿದ್ರು! ಎಂಟು ದಿನದಾಗ ಅಕ್ಕ ದಾಟೋ ಜಾಗಾದಾಗ ಒಂದು ದಪ್ಪ ಕಬ್ಬಿಣದ ಕಂಬ ನೆಟ್ಟು ಮರಾಠಿ ಫಲಕ ತೂಗಹಾಕಿದ್ರು: ಇಲ್ಲಿ ರಸ್ತಾ ದಾಟಬಾರದು.

ಅಕ್ಕಗ ಓದಾಕ ಬರೂದಿಲ್ಲ. ಓದಿ ಹೇಳಿದೆ. ಸಿಟ್ಟಿಗೆದ್ದು ಸಾಹೇಬ್ರಿಗೆ ಬಾಯಿಗೆ ಬಂದಂಗ ಬೈದೆ.

ಅಕ್ಕ ಬೀಡಿ ಬುಟ್ಟಿ ಸೊಂಟಕ್ಕ ಇಟ್ಟುಕೊಂಡು, ಆ ಕಂಬಕ್ಕ ಭಾರ ಬಿಟ್ಟು, ಲಾರಿ ಹೋಗೂದನ್ನ ಕಾಯ್ಕೋತ ನಿಂತ್ಲು.

"ಬೈಬ್ಯಾಡೋ ತಮ್ಮಾ" ಅಂದ್ಲು. "ದಾಟೂ ತನಕಾ ಹಿಡಕೊಂಡು ನಿಂದ್ರಾಕ ಇದೊಂದರೆ ನೆಟ್ಟಾರಲ್ಲ."