ಹೊಳೆನರಸೀಪುರಕ್ಕೆ ಬಂದ ಸಮುದ್ರ

ನಮ್ಮ ಚಿಕ್ಕಪ್ಪನಿಗೆ ತಲೆ ಕೆಟ್ಟಿದೆ ಅಂತ ನಾನು ಹೇಳುವುದಿಲ್ಲ. ಹೊಳೆನರಸೀಪುರದವರೆಲ್ಲ ಹೇಳುತ್ತಿರುವಾಗ ನಾನೊಬ್ಬ ಬೇರೆ ಯಾಕೆ? ಮೊಟ್ಟೆ ಕಂಡರೂ ಮೂಗು ಮುಚ್ಚುವ ಲಿಂಗಾಯತರ ನಡುಮನೆಯಲ್ಲಿ ಮೀನು ಸಾಕ್ತೀನಿ, ಅದೂ ಸಮುದ್ರದ ಮೀನು ಅಂದರೆ ಜನ ಇನ್ನೇನು ಅಂದಾರು!

ತಪ್ಪೆಲ್ಲ ಚಿಕ್ಕಮ್ಮನ ಹೊಟ್ಟೆಯದು. ಸಮುದ್ರ ನೋಡಬೇಕು ಅನ್ನೋದು ಅವರ ಜೀವಮಾನದ ಆಸೆ. ಬಸ್ಸು ಹತ್ತಿದರೆ ವಾಂತಿ! ಮಂಗಳೂರಿಗೆ ಹೊರಟವರು ಪ್ರತಿ ಸಲವೂ ಸಕಲೇಶಪುರದಲ್ಲೇ ಇಳಿದು, ಮಜ್ಜಿಗೆ ಕುಡಿದು, ವಾಪಸ್ಸು. "ಮದುವೆಯಾದಾಗಿಂದ ಸಮುದ್ರ ತೋರಿಸ್ತೀನಿ ಅಂತ ಮೂಗಿಗೆ ತುಪ್ಪ ಸವರಿದ್ದೇ ಬಂತು" ಎಂದು ಚಿಕ್ಕಮ್ಮ ದಿನಾ ಚುಚ್ಚುತ್ತಿದ್ದರು. ಪಂಪ್‌ಸೆಟ್ ರಿಪೇರಿ ಮಾಡುವ ಚಿಕ್ಕಪ್ಪ ಒಂದು ದಿನ ತೊಡೆ ತಟ್ಟಿಯೇಬಿಟ್ಟರು. "ನೀನು ಹೋಗೋದ್ಯಾಕೆ? ಅದನ್ನೇ ಇಲ್ಲಿಗೆ ತರ್ತೀನಿ!"

ಗಾಜಿನ ತೊಟ್ಟಿ ಬಂತು, ಕಲ್ಲು ಬಂತು, ಸಮುದ್ರದ ಉಪ್ಪು ಬಂತು, ಮೋಟಾರು ಅಲೆ ಎಬ್ಬಿಸಿತು. ಮೀನು? ಇಲ್ಲ! ನೀರು ಮೊದಲು ಹದಕ್ಕೆ ಬರಬೇಕಂತೆ. ಅದರಲ್ಲಿ ಏನಾದರೂ ಕೊಳೆತು, ಆ ವಿಷವನ್ನು ತಿನ್ನುವ ಬ್ಯಾಕ್ಟೀರಿಯಾ ಕಲ್ಲಿನ ಮೇಲೆ ಬೆಳೆಯಬೇಕಂತೆ. ಸರಿ, ಚಿಕ್ಕಪ್ಪ ತಲೆಗೆ ಟವೆಲ್ ಹೊದ್ದು ಹಾಸನದ ಮೀನಂಗಡಿ ಮುಂದೆ ನಿಂತರು.

"ಒಂದು ಸೀಗಡಿ ಕೊಡಪ್ಪ."

"ಒಂದೇಯಾ? ಅದ್ರಲ್ಲೇನ್ ಸಾರು ಮಾಡೀರಿ ಸಾ?"

"ತಿನ್ನೋಕಲ್ಲ ಕಣಯ್ಯಾ, ಕೊಳೆಸೋಕೆ!"

ಕೊಳೆಯಿತು. ಮೀನು ನೋಡಲು ಬಂದ ನೆಂಟರು ಬರೀ ನೀರು ನೋಡಿ, ಮೂಗು ಹಿಡಿದೇ ಕಾಫಿ ಕುಡಿದು ಹೋದರು. ಕಲ್ಲಿಗೆ ಕಂದು ಪಾಚಿ ಹಿಡಿದ ದಿನ ಚಿಕ್ಕಪ್ಪ ಕುಣಿದಾಡಿದರು. ಅಷ್ಟರಲ್ಲಿ ಶಿವರಾತ್ರಿ ಬಂತಲ್ಲ! ಅವರು ಅಂಗಡಿಗೆ ಹೋದದ್ದೇ ತಡ, ಚಿಕ್ಕಮ್ಮ ದೀಪದ ಕಂಬಗಳ ಜೊತೆ ಆ ಕಲ್ಲುಗಳನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಬಿಸಿಲಿಗಿಟ್ಟು, ತೊಟ್ಟಿಗೆ ನಲ್ಲಿ ನೀರು ತುಂಬಿದರು. "ಹೆಂಗೆ ಫಳಫಳ ಅಂತಿದೆ ನೋಡ್ರೀ!"

ಚಿಕ್ಕಪ್ಪ ಬೈಯಲಿಲ್ಲ. ಪೆಚ್ಚುಮೋರೆ ಹಾಕಿಕೊಂಡು ಕೂತರು. "ಎಲ್ಲ ಹೋಯ್ತು ಕಣೇ. ಮೊಸರಿಗೆ ಹೆಪ್ಪಿದ್ದಂಗೆ ಆ ಕಲ್ಲಿನ ಪಾಚಿ."

"ಹೆಪ್ಪಾ? ಹಂಗಂತ ಮೊದ್ಲೇ ಬಾಯಿ ಬಿಡೋಕೇನಾಗಿತ್ತು ನಿಮಗೆ? ಬ್ಯಾಕ್ಟೀರಿಯಾ ಗೀಕ್ಟೀರಿಯಾ ಅಂತೀರ!"

ಮನೆಯ ಹೆಪ್ಪು ಕೆಟ್ಟರೆ ಹೆಂಗಸರು ಏನು ಮಾಡುತ್ತಾರೆ? ಇನ್ನೊಬ್ಬರ ಮನೆಯಿಂದ ತರುತ್ತಾರೆ. ಮಾರನೇ ದಿನ ಮಧ್ಯಾಹ್ನ ಹಾಸನದ ಬಸ್ಸಿನಿಂದ ಚಿಕ್ಕಮ್ಮ ಇಳಿದರು. ಮುಖ ಸುಣ್ಣ! ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಹಾಲಿನ ಕ್ಯಾನು. ಕ್ಯಾನಿನೊಳಗೆ, ಸಮುದ್ರದ ಮೀನು ಮಾರುವವನ ತೊಟ್ಟಿಯಿಂದ ಕೇಳಿ ತಂದ ಪಾಚಿಗಲ್ಲು.

"ವಾಂತಿ ಆಯ್ತೇನೇ?" ಚಿಕ್ಕಪ್ಪ ಓಡಿ ಬಂದರು.

"ಆಗ್ದೇ ಇರುತ್ತಾ? ಮೊದ್ಲು ಇದನ್ನ ಉಪ್ಪುನೀರಿಗೆ ಬಿಡಿ!"

ಚಿಕ್ಕಪ್ಪ ತೊಟ್ಟಿಯ ನೀರಿಗೆ ಮತ್ತೆ ಉಪ್ಪು ಕದಡಿ ಕಲ್ಲು ಬಿಟ್ಟರು. ಹೆಪ್ಪು ಹತ್ತಿತು. ನೀರು ಹದಕ್ಕೆ ಬಂದ ಮೇಲೆ ಮೀನೂ ಬಂದವು. ಎರಡೇ ಎರಡು, ಕಿತ್ತಳೆ ಮೈಗೆ ಬಿಳಿ ಪಟ್ಟೆ. ಚಿಕ್ಕಮ್ಮ ಒಲೆ ಆರಿಸಿ ಬಂದು ಮುಂದೆ ಕೂತವರು ಏಳಲೇ ಇಲ್ಲ.

"ಹೆಂಗಿದೆಯೇ ಸಮುದ್ರ?"

ಚಿಕ್ಕಮ್ಮ ಗಾಜಿನ ಮೇಲೆ ಬೆರಳಿಟ್ಟು ಮೀನು ಹೋದತ್ತ ಸರಿಸುತ್ತ ಹೋದರು. ಆಮೇಲೆ, "ಇನ್ಮೇಲೆ ನಿಮ್ಮನ್ನ ಏನಂತ ಬೈಲಿ ಹೇಳಿ?" ಅಂದರು.

"ಏನಾದ್ರೂ ಹುಡುಕಿ ಬೈಯೇ" ಅಂದರು ಚಿಕ್ಕಪ್ಪ, ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತ. "ನೀನು ಬೈದೇ ಇದ್ರೆ ನಂಗೆ ಊಟ ಸೇರಲ್ಲ."