ನ್ಯಾಯಾಧೀಶರ ತಲೆಗೂದಲು

ಸಂಜೀವಪ್ಪನಿಗೆ ಅವತ್ತು ಬೆಳಿಗ್ಗೆ ಮೊಟ್ಟಮೊದಲು ಸಿಟ್ಟು ಬಂದದ್ದು ಅವನದೇ ಕೂದಲಿನ ಮೇಲೆ.

ಶಿವಾಜಿನಗರದಲ್ಲಿ ನಾಟಕದ ಪೋಷಾಕು ಬಾಡಿಗೆಗೆ ಕೊಡುವ ಲತೀಫನ ಅಂಗಡಿ. ಕನ್ನಡಿಯ ಮುಂದೆ ಸಂಜೀವಪ್ಪ, ಅವನ ತಲೆಯ ಮೇಲೆ ಬ್ರಿಟಿಷ್ ಜಡ್ಜುಗಳ ಬಿಳಿ ಗುಂಗುರು ವಿಗ್. ಒತ್ತಿ ಹಿಡಿದರೆ ಕೂರುತ್ತಿತ್ತು. ಕೈ ತೆಗೆದರೆ ಉಕ್ಕುವ ಹಾಲಿನ ಹಾಗೆ ಮೇಲೇಳುತ್ತಿತ್ತು.

"ವಿಗ್ ಚಿಕ್ಕದು ಕಣಯ್ಯಾ!"

"ವಿಗ್ ಬರಾಬರ್ ಐತೆ ಸಾಬ್. ನಿಮ್ದು ಕೂದ್ಲೇ ಜಾಸ್ತಿ. ಪಕ್ಕದಲ್ಲೇ ಸಲೂನ್ ಐತೆ, ಸ್ವಲ್ಪ ಕಮ್ಮಿ ಮಾಡ್ಸ್ಕೊಂಡ್ ಬನ್ನಿ."

ಬೇರೆ ದಿನವಾಗಿದ್ದರೆ ವಿಗ್ಗನ್ನು ಅವನ ಮುಖಕ್ಕೇ ಎಸೆದು ಬರುತ್ತಿದ್ದ. ಆದರೆ ಸಂಜೆಗೆ ನಾಟಕ. ಜೀವನ್ ಬಿಮಾ ನಗರದ ನಿವಾಸಿಗಳ ಸಂಘ ರಾಜ್ಯೋತ್ಸವಕ್ಕೆ ವರ್ಷಾ ವರ್ಷಾ ನಾಟಕ ಆಡುತ್ತದೆ, ಯಾವ ನಾಟಕವಾದರೂ ಅದರಲ್ಲೊಂದು ಕೋರ್ಟ್ ಸೀನ್ ಇದ್ದೇ ಇರುತ್ತದೆ. ಆ ಕೋರ್ಟಿನ ಬಾಗಿಲಲ್ಲಿ ನಿಂತು ಆರೋಪಿಯ ಹೆಸರನ್ನು ಮೂರು ಸಲ ಕೂಗಿ, ಆಮೇಲೆ ತೆರೆ ಬೀಳುವವರೆಗೂ ಕಂಬದಂತೆ ನಿಲ್ಲುವ ಜವಾನನ ಪಾತ್ರ ಸಂಜೀವಪ್ಪನಿಗೆ ಕಾಯಂ ಆಗಿಬಿಟ್ಟಿತ್ತು. ಹೆಂಡತಿ ಗಂಗಲಕ್ಷ್ಮಮ್ಮ ನಾಚಿಕೆಯಿಂದ ಕೊನೆಯ ಸಾಲಲ್ಲೇ ಕೂರುತ್ತಿದ್ದಳು. ಈ ವರ್ಷ ನಿರ್ದೇಶಕಿ ರಂಜನಾ ಅದೇನು ಮನಸ್ಸು ಮಾಡಿದಳೋ, ಜಡ್ಜ್ ಪಾತ್ರ ಕೊಟ್ಟಳು. "ನಿಮಗೆ ಕುರ್ಚಿ ಸಿಕ್ತು ಅಂದ್ಮೇಲೆ ನಾನೂ ಮುಂದಿನ ಸಾಲಲ್ಲೇ ಕೂರೋದು" ಎಂದು ಗಂಗಲಕ್ಷ್ಮಮ್ಮ ಕಾಲೊನಿಗೆಲ್ಲ ಸಾರಿಬಿಟ್ಟಿದ್ದಳು. ಈಗ ಆ ಕುರ್ಚಿ ಕೈತಪ್ಪಿದರೆ ಮನೆಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ಸಲೂನಿನವನು ಒಂದು ಸಲ ಕತ್ತರಿಸಿದ. ವಿಗ್ ಎದ್ದಿತು. ಮತ್ತೊಂದು ಸಲ ಕತ್ತರಿಸಿದ. ವಿಗ್ ಒಂದು ಕಿವಿಯ ಮೇಲೆ ವಾಲಿತು. ಸಂಜೀವಪ್ಪನ ಪಿತ್ತ ನೆತ್ತಿಗೇರಿತು. "ಏನ್ ಆಟ ಆಡ್ತಿದೀಯಾ? ಎಲ್ಲಾ ಬೋಳಿಸಿ ಹಾಕು!" ಎಂದು ಗುಡುಗಿದ. ಸಿಟ್ಟಿನಲ್ಲಿ ಆಡಿದ ಮಾತನ್ನು ಹಾಗೇ ಪಾಲಿಸುವ ಜನವೂ ಇರುತ್ತಾರಲ್ಲ! ಒಂದು ನರೆಗೂದಲೂ ಇಲ್ಲದ, ಕಾಲೊನಿಯೇ ಹೊಟ್ಟೆಕಿಚ್ಚು ಪಡುತ್ತಿದ್ದ ಕೂದಲು ಕಣ್ಣುಮುಚ್ಚಿ ಬಿಡುವುದರೊಳಗೆ ನೆಲದ ಮೇಲಿತ್ತು. ವಿಗ್ ಮಾತ್ರ ಈಗ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಮನೆಯ ಬಾಗಿಲು ತೆಗೆದ ಗಂಗಲಕ್ಷ್ಮಮ್ಮ ಗಂಡನ ತಲೆ ನೋಡಿದಳು. "ಅಯ್ಯೋ ಅತ್ತೇ! ನಮ್ಮನ್ನ ಬಿಟ್ಟು ಹೋಗ್ಬಿಟ್ರಾ!" ಎಂದು ಅಲ್ಲೇ ಕುಸಿದಳು.

"ಥೂ! ಅಮ್ಮ ಕೋಲಾರದಲ್ಲಿ ಗುಂಡುಕಲ್ಲಿನ ಹಾಗಿದ್ದಾಳೆ ಕಣೇ!"

ಆ ಅಳುವಿನಲ್ಲಿ ಅವನ ಮಾತು ಯಾರಿಗೆ ಕೇಳಬೇಕು? ಅಕ್ಕಪಕ್ಕದವರು ಓಡಿ ಬಂದರು. ಎದುರುಮನೆಯ ವಕೀಲ, ಸಂಘದ ಅಧ್ಯಕ್ಷ ಅನಂತರಾಮು ಎಲ್ಲರಿಗಿಂತ ಮೊದಲು ಬಂದ. ಅರವತ್ತು ದಾಟಿದರೂ ಅವನಿಗೆ ಇದ್ದಿಲಿನಂಥ ಕೂದಲು, ಹಣೆಯ ಮೇಲೆ ಇಳಿಬಿಟ್ಟ ಒಂದು ಸುರುಳಿ. ಅದನ್ನು ಬೆರಳಲ್ಲಿ ತೀಡುತ್ತಾ, "ತುಂಬಾ ದುಃಖದ ವಿಷಯ ಸಂಜೀವಪ್ಪ. ಆದ್ರೆ ಸೂತಕದವರು ಸ್ಟೇಜ್ ಹತ್ತೋ ಹಾಗಿಲ್ವಲ್ರೀ" ಎಂದ.

ಸಂಜೀವಪ್ಪ ಹಲ್ಲು ಕಡಿಯುತ್ತಾ ಕೋಲಾರಕ್ಕೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ.

"ಅಮ್ಮಾ, ನಾನು ತಲೆ ಬೋಳಿಸ್ಕೊಂಡಿದ್ದಕ್ಕೆ ಇವರೆಲ್ಲ ಅಳ್ತಿದಾರೆ. ಬದುಕಿದೀನಿ ಅಂತ ನೀನೇ ಹೇಳು."

"ಏನಂದೆ?" ಅಮೃತಮ್ಮನ ದನಿ ಬೀದಿಯ ತುದಿಗೂ ಕೇಳಿತು. "ನಾನಿರೋವಾಗ್ಲೇ ತಲೆ ಬೋಳಿಸ್ಕೊಂಡ್ಯಾ? ಅಷ್ಟೊಂದು ಅವಸರವೇನೋ ನಿನಗೆ, ಹಾಳಾದೋನೆ!"

ಸೂತಕವೇನೋ ಕಳೆಯಿತು. ಮಧ್ಯಾಹ್ನದ ರಿಹರ್ಸಲ್‌ನಲ್ಲಿ ಸಂಜೀವಪ್ಪ ಬಿಳಿ ವಿಗ್ ತೊಟ್ಟು ಗತ್ತಿನಿಂದ ಕುರ್ಚಿಯ ಮೇಲೆ ಕೂತ. ಕೂತ ಬಿಸಿ ಕುರ್ಚಿಗೆ ತಾಗುವ ಮೊದಲೇ ಅನಂತರಾಮು ಎದ್ದು ನಿಂತ.

"ಅಬ್ಜೆಕ್ಷನ್! ನಮ್ಮ ಕೋರ್ಟಲ್ಲಿ ಯಾವ ಜಡ್ಜು ವಿಗ್ ಹಾಕ್ತಾರ್ರೀ? ಕೋಟು, ಗೌನು, ಕುತ್ತಿಗೆಗೆ ಬಿಳೀ ಬ್ಯಾಂಡು, ಅಷ್ಟೇ. ಬ್ರಿಟಿಷರು ಹೋಗಿ ಎಷ್ಟೋ ಕಾಲವಾಯ್ತು, ಅವರ ಕೂದಲನ್ನ ಯಾಕ್ರೀ ಇನ್ನೂ ತಲೆ ಮೇಲೆ ಹೊರಬೇಕು? ಇವತ್ತು ಚೀಫ್ ಗೆಸ್ಟ್ ರಿಟೈರ್ಡ್ ಜಡ್ಜು. ಮಾನ ಹೋಗುತ್ತೆ!"

"ಹೌದಲ್ವಾ, ನನಗೆ ಹೊಳೀಲೇ ಇಲ್ಲ" ಎಂದಳು ರಂಜನಾ. "ವಿಗ್ ತೆಗೀರಿ ಅಂಕಲ್." ತೆಗೆದ. ಅವಳ ಮುಖ ಹುಳ್ಳಗಾಯಿತು. "ಅಯ್ಯೋ, ತಿಥಿ ಮುಗಿಸ್ಕೊಂಡು ಬಂದ ಜಡ್ಜ್ ತರಾ ಕಾಣ್ತೀರಲ್ಲ!"

"ಬೇಕಿದ್ರೆ ನಾನು ರೆಡಿ ಇದೀನಮ್ಮಾ" ಎಂದ ಅನಂತರಾಮು. "ಡೈಲಾಗ್ ಬರುತ್ತೆ. ಗೌನು ಸ್ವಂತದ್ದು. ಕೂದಲೂ ಸ್ವಂತದ್ದು." ಸುರುಳಿಯನ್ನು ಇನ್ನೊಮ್ಮೆ ತೀಡಿದ. ಆ ಸುರುಳಿಯನ್ನು ಬೇರುಸಹಿತ ಕಿತ್ತುಹಾಕಬೇಕು ಅನ್ನಿಸುವಷ್ಟು ಉರಿ ಎದ್ದಿತು ಸಂಜೀವಪ್ಪನಿಗೆ.

"ಯಾರೂ ಆ ಕುರ್ಚಿ ಮುಟ್ಟಕೂಡದು! ತಲೆ ತುಂಬಾ ಕೂದಲು ತಗೊಂಡ್ ಬರ್ತೀನಿ!" ಎಂದು ಅರಚಿ ಆಟೋ ಹತ್ತಿದ.

ಹಲಸೂರಿನ ಟ್ರಾಫಿಕ್ಕನ್ನೂ, ಸಿಗ್ನಲ್ಲನ್ನೂ, ಅನಂತರಾಮುವಿನ ವಂಶವನ್ನೂ ಬೈಯುತ್ತಾ ಲತೀಫನ ಅಂಗಡಿ ಸೇರಿದ. "ಕರೀ ಕೂದಲಿನ ವಿಗ್ ಕೊಡು. ಹಾಕಿದ್ರೆ ವಿಗ್ ಹಾಕಿಲ್ಲ ಅನ್ನೋ ಹಾಗಿರ್ಬೇಕು!"

"ಬಾಡಿಗೇದು ಎಲ್ಲಾ ಹೋಗೈತೆ ಸಾಬ್." ಲತೀಫ್ ತಲೆ ಕೆರೆದುಕೊಂಡು ಬೀರುವಿನಿಂದ ಒಂದು ಡಬ್ಬಿ ತೆಗೆದ. "ಇದು ಕಸ್ಟಮರ್‌ದು. ಅವ್ರ್ ಹತ್ರ ಎರಡೈತೆ, ಒಂದು ಹಾಕ್ತಾರೆ, ಒಂದು ವಾಶ್‌ಗೆ ಕೊಡ್ತಾರೆ. ಒರಿಜಿನಲ್ ಮಾಲು. ನಾಳೆ ಬೆಳಿಗ್ಗೆ ವಾಪಸ್ ಬೇಕು, ಇಲ್ಲಾಂದ್ರೆ ನನ್ ಕಥೆ ಖತಂ."

ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಲೇ ಇದ್ದ. ಕನ್ನಡಿ ನೋಡಿಕೊಳ್ಳಲೂ ಪುರಸೊತ್ತಿಲ್ಲದೆ ಸಂಜೀವಪ್ಪ ವಿಗ್ ಅಂಟಿಸಿಕೊಂಡು ಹೊರಟ.

ತೆರೆ ಎದ್ದಿತು. ಜವಾನ ಮೂರು ಸಲ ಕೂಗಿದ. ಸಂಜೀವಪ್ಪ ಕುರ್ಚಿಯ ಮೇಲೆ ವಿರಾಜಮಾನನಾಗಿ "ಆರ್ಡರ್, ಆರ್ಡರ್!" ಎಂದು ಮೇಜು ಕುಟ್ಟಿದ. ಮುಂದಿನ ಸಾಲಲ್ಲಿ ಗಂಗಲಕ್ಷ್ಮಮ್ಮನ ಮುಖ ಅರಳಿತ್ತು. ಅವಳ ಪಕ್ಕದಲ್ಲಿ ಅನಂತರಾಮು. ಅವನೇಕೋ ಬೆಪ್ಪಾಗಿ ಸಂಜೀವಪ್ಪನ ತಲೆಯನ್ನೇ ನೋಡುತ್ತಿದ್ದ. ನೋಡುತ್ತಾ ನೋಡುತ್ತಾ ಅವನ ಕೈ ತನ್ನ ಹಣೆಯ ಸುರುಳಿಗೆ ಹೋಯಿತು. ಅದೇ ಹೊತ್ತಿಗೆ ಲೈಟಿನ ಸೆಕೆಗೆ ಬೆವತು ಸಂಜೀವಪ್ಪನ ಹಣೆಯ ಮೇಲೂ ಒಂದು ಸುರುಳಿ ಜಾರಿ ಇಳಿಯಿತು.

ಅದೇ ಸುರುಳಿ!

ಲತೀಫ್ ಹೇಳಿದ ಕಸ್ಟಮರ್ ಯಾರೆಂದು ಸಂಜೀವಪ್ಪನಿಗೆ ಆಗ ಹೊಳೆಯಿತು. ಅಯ್ಯೋ ಕಳ್ಳ! ಸ್ವಂತ ಕೂದಲಂತೆ! ಮೈಯೆಲ್ಲ ಹೊತ್ತಿ ಉರಿಯಿತು. ಆ ಉರಿಯಲ್ಲಿ ಆರೋಪಿಗೆ ಜೀವಾವಧಿ ಶಿಕ್ಷೆಯ ಬದಲು ಗಲ್ಲುಶಿಕ್ಷೆ ವಿಧಿಸಿಬಿಟ್ಟ. ಜನ ಸಿಳ್ಳೆ ಹೊಡೆದರು.

ತೆರೆ ಬಿದ್ದದ್ದೇ ಅನಂತರಾಮು ಮೇಕಪ್ ರೂಮಿಗೆ ನುಗ್ಗಿ ಬಾಗಿಲು ಹಾಕಿಕೊಂಡ. ಮುಖ ಬಿಳಿಚಿಕೊಂಡಿತ್ತು.

"ಸಂಜೀವಪ್ಪ, ನಿಮ್ಮ ದಮ್ಮಯ್ಯ. ಯಾರಿಗೂ ಹೇಳ್ಬೇಡ್ರೀ."

"ಮೈಕಲ್ಲೇ ಹೇಳ್ತೀನಿ!"

"ಮುಂದಿನ ವರ್ಷಾನೂ ಜಡ್ಜ್ ನೀವೇ. ನಾನಿರೋವರೆಗೂ ಆ ಕುರ್ಚಿ ನಿಮ್ಮದೇ. ಅಧ್ಯಕ್ಷ ನಾನು, ಮಾತು ಕೊಡ್ತೀನಿ."

ಸಂಜೀವಪ್ಪ ಗುರುಗುಟ್ಟಿದ. ಕುರ್ಚಿಯನ್ನು ನೆನೆದ. ವಿಗ್ ಕಿತ್ತು ಅವನ ಕೈಗಿಟ್ಟು, ಆಯಿತು ಎಂದ.

ಮನೆಗೆ ಬಂದಾಗ ಗಂಗಲಕ್ಷ್ಮಮ್ಮ ಖುಷಿಯಾಗಿದ್ದಳು. ಅವನ ಬೋಳುತಲೆಯ ಮೇಲೆ ಕಣ್ಣು ಬಿದ್ದದ್ದೇ ತಡ, ನಿಟ್ಟುಸಿರು ಬಿಟ್ಟಳು.

"ಕುರ್ಚಿ ಮೇಲೆ ಥೇಟ್ ಅನಂತರಾಮು ಅವರ ಹಾಗೇ ಕಾಣ್ತಿದ್ರಿ, ಆ ಸುರುಳಿ ಸಮೇತ. ಏನು ಮಾಡೋದು, ಅವ್ರದ್ದು ದೇವರು ಕೊಟ್ಟಿದ್ದು, ನಿಮ್ದು ಬಾಡಿಗೇದು. ನಿಮಗೂ ಕೊಟ್ಟಿದ್ದ ದೇವರು, ಸಿಟ್ಟಲ್ಲಿ ಕಳ್ಕೊಂಡ್ರಿ. ಈ ವಯಸ್ಸಲ್ಲೂ ಕೂದಲು ಹೇಗೆ ಉಳಿಸ್ಕೊಳ್ಳೋದು ಅಂತ ಅವರನ್ನ ನೋಡಿ ಕಲೀರಿ ಸ್ವಲ್ಪ!"

ಸಂಜೀವಪ್ಪ ಬಾಯಿ ತೆರೆದ. ಮುಂದಿನ ವರ್ಷದ ಕುರ್ಚಿ ಕಣ್ಣೆದುರು ಬಂತು. ತೆರೆದ ಬಾಯಿ ಮುಚ್ಚಿಕೊಂಡು, ತಲೆಗೆ ತಣ್ಣೀರು ಸುರಿದುಕೊಳ್ಳಲು ಬಚ್ಚಲಿಗೆ ಹೋದ.