ನಾಲ್ಕನೇ ಚಂದ್ರನ ಮೇಲೆ ನಾನು ಇಳಿದದ್ದು

ಅಭಿಪ್ರಾಯ ಹೇಳುವ ವಿಷಯದಲ್ಲಿ ನಾನು ಯಾವತ್ತೂ ಜಿಪುಣತನ ಮಾಡಿದವಳಲ್ಲ. ಮದುವೆಮನೆಯ ಸಾರಿಗೆ ಉಪ್ಪು ಸಾಲದೆಂದು ಬಡಿಸುವವರಿಗೇ ಹೇಳಿದ್ದೇನೆ. ಮಲ್ಲೇಶ್ವರದ ಮಾರುಕಟ್ಟೆಯಲ್ಲಿ ಹೂ ಕಟ್ಟುವಾಕೆಗೆ ಗಂಟು ಹಾಕುವ ಕ್ರಮ ಹೇಳಿಕೊಡಲು ಹೋಗಿ ಬೈಸಿಕೊಂಡಿದ್ದೇನೆ. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಭೌತವಿಜ್ಞಾನ ಪಾಠ ಮಾಡಿದವಳಿಗೆ ಈ ಚಟ ಅಂಟದೆ ಇರುತ್ತದೆಯೇ? ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಬಿಡಿ. ಆದರೆ ಹೋದ ತಿಂಗಳು ಒಂದು ಅಭಿಪ್ರಾಯವನ್ನು ಬರೆದು ಹೇಳಿದೆ. ಐವತ್ತೆರಡನೇ ವಯಸ್ಸಿನಲ್ಲಿ ಸಿಕ್ಕಿಬಿದ್ದದ್ದು ಅದರಿಂದಲೇ.

ಕಥೆ ಶುರುವಾಗುವುದು ನನಗೆ ಹನ್ನೆರಡು ವರ್ಷವಾಗಿದ್ದಾಗ. ಬಳೇಪೇಟೆಯಲ್ಲಿ ರಿಬ್ಬನ್ನು, ಬಾಚಣಿಗೆಗಳ ಸಗಟು ಅಂಗಡಿ ಇಟ್ಟಿದ್ದ ನಮ್ಮಪ್ಪ ಒಂದು ದಿನ ಮನೆಗೆ ಕಂಪ್ಯೂಟರ್ ತಂದರು. ವಿದೇಶದಿಂದ ಬಂದಿದ್ದ ಸ್ನೇಹಿತರೊಬ್ಬರು ಕೊಟ್ಟದ್ದು. ನೋಡಿದರೆ ಬರೀ ಕೀಬೋರ್ಡು. ಅದನ್ನು ನಮ್ಮ ಕಪ್ಪು-ಬಿಳುಪು ಟೀವಿಗೆ ಜೋಡಿಸಿ, ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಬೇಕು. ಕ್ಯಾಸೆಟ್ ಐದು ನಿಮಿಷ ಕೀಚಲು ದನಿಯಲ್ಲಿ ಅರಚಿದ ಮೇಲೆ ಟೀವಿಯಲ್ಲಿ ಆಟ ಮೂಡುತ್ತದೆ. ಮಕ್ಕಳು ಇಂಗ್ಲಿಷ್ ಟೈಪಿಂಗ್ ಕಲಿಯುತ್ತಾರೆಂದು ಅಪ್ಪ ನಂಬಿದ್ದರು. ಒಮ್ಮೆ ನಮ್ಮಜ್ಜಿ ಆ ಕ್ಯಾಸೆಟ್ಟನ್ನು ಭಜನೆಯದೆಂದುಕೊಂಡು ಹಾಕಿ, ಕಣ್ಣುಮುಚ್ಚಿ ಕೈಮುಗಿದು ಐದು ನಿಮಿಷವೂ ಕೇಳಿದರು. ಕೊನೆಗೆ, "ತಾಳವೇನೋ ಚೆನ್ನಾಗಿದೆ ಕಣೇ, ಸಾಹಿತ್ಯ ತಿಳೀಲಿಲ್ಲ" ಎಂದರು. ಆ ಆಟದ ಬಗ್ಗೆ ಇದುವರೆಗೆ ಬಂದಿರುವ ಅಭಿಪ್ರಾಯಗಳಲ್ಲಿ ಅತ್ಯಂತ ಉದಾರವಾದದ್ದು ಅಜ್ಜಿಯದೇ.

ಆಟಕ್ಕೆ ಇಂಗ್ಲಿಷಿನಲ್ಲಿ ದೊಡ್ಡ ಹೆಸರಿತ್ತು. ನಾನು ಮತ್ತು ನನ್ನ ತಮ್ಮ ಗಿರೀಶ ಅದನ್ನು 'ರಾಕೆಟ್' ಎನ್ನುತ್ತಿದ್ದೆವು. ಪರದೆಯ ಮೇಲೆ ಒಂದು ಚಿಕ್ಕ ತ್ರಿಕೋನ, ಅದೇ ರಾಕೆಟ್. ನಾಲ್ಕು ಚಂದ್ರರು. ಒಂದಾದ ಮೇಲೊಂದರಂತೆ ಎಲ್ಲದರ ಮೇಲೂ ಮೆಲ್ಲಗೆ ಇಳಿಯಬೇಕು. ಬ್ರೇಕ್ ಎಂಬುದಿಲ್ಲ. ವೇಗ ತಗ್ಗಬೇಕಾದರೆ ರಾಕೆಟ್ಟನ್ನು ಹಿಂದುಮುಂದಾಗಿ ತಿರುಗಿಸಿ ಬೆಂಕಿ ಉಗುಳಿಸಬೇಕು. ಹೆಚ್ಚು ಉಗುಳಿದರೆ ಇಂಧನ ಖಾಲಿ, ಕಡಿಮೆ ಉಗುಳಿದರೆ ರಾಕೆಟ್ ಪುಡಿಪುಡಿ. ಪುಡಿಯಾದರೆ ಮತ್ತೆ ಮೊದಲನೇ ಚಂದ್ರನಿಂದ. ನನಗಿಂತ ಎರಡು ವರ್ಷ ಚಿಕ್ಕವನಾದ ಗಿರಿ ಮೂರನೆಯದರ ಮೇಲೆ ನನಗಿಂತ ಮೊದಲೇ ಇಳಿದುಬಿಟ್ಟ. ಆ ಅವಮಾನವನ್ನು ನಾನು ಒಂದು ವಾರ ಸಹಿಸಿದೆ. ಒಂದು ಮಧ್ಯಾಹ್ನ ಅಮ್ಮ ಅವನನ್ನು ಕೊತ್ತಂಬರಿ ಸೊಪ್ಪು ತರಲು ಕಳಿಸಿದ್ದಳು. ಅವನು ಬರುವಷ್ಟರಲ್ಲಿ ಟೀವಿ ಆರಿಸಿ, ಕೈಕಟ್ಟಿ ಕೂತು, "ನಾಲ್ಕನೇದರ ಮೇಲೆ ಇಳಿದೆ ಕಣೋ" ಎಂದೆ.

"ಸುಳ್ಳು! ಇಳಿದ್ಮೇಲೆ ಏನಾಯ್ತು ಹೇಳು?"

"ಬಾವುಟ ಹಾರ್ತು. ಬ್ಯಾಂಡ್ ಬಾರಿಸ್ತು."

ಅವನು ಕೊತ್ತಂಬರಿ ಸೊಪ್ಪನ್ನು ನನ್ನ ಮೇಲೆ ಎಸೆದು ಅಳುತ್ತ ಹೋದ. ಮುಂದಿನ ನಲವತ್ತು ವರ್ಷ ನಾನು ಆ ಬಾವುಟವನ್ನು ಎಷ್ಟು ಸಲ ಹಾರಿಸಿದೆನೆಂದರೆ, ಅದಕ್ಕೆ ನನ್ನ ಕಣ್ಣಲ್ಲಿ ಬಣ್ಣವೂ ಬಂದಿತ್ತು, ಅದೂ ಕಪ್ಪು-ಬಿಳುಪು ಟೀವಿಯಲ್ಲಿ.

ಹೋದ ತಿಂಗಳು ಇಂಟರ್ನೆಟ್ಟಿನಲ್ಲಿ ಏನನ್ನೋ ಹುಡುಕುತ್ತಿದ್ದವಳಿಗೆ ಆ ಆಟದ ಪುಟವೇ ಸಿಕ್ಕಿಬಿಟ್ಟಿತು. ಅದೇ ತ್ರಿಕೋನ! ಕೂತಲ್ಲೇ ಚೀರಿದೆ. ಕೆಳಗೆ ದೇಶದೇಶಗಳ ಆಟಗಾರರು ಬರೆದ ಅಭಿಪ್ರಾಯಗಳು. ಒಬ್ಬ, "ಇದು ಆಟವಲ್ಲ, ಶಿಕ್ಷೆ" ಎಂದಿದ್ದ. ಇನ್ನೊಬ್ಬಳು, "ಇದನ್ನು ತಯಾರಿಸಿದವರಿಗೆ ಮಕ್ಕಳ ಮೇಲೆ ಯಾವ ಸಿಟ್ಟಿತ್ತೋ" ಎಂದಿದ್ದಳು. ಎರಡನೇ ಚಂದ್ರನನ್ನೂ ದಾಟದ ಒಬ್ಬ ಹತ್ತಕ್ಕೆ ಹತ್ತು ಕೊಟ್ಟು, "ಜೀವನದಲ್ಲಿ ನನ್ನನ್ನು ಇಷ್ಟು ನಿಷ್ಪಕ್ಷಪಾತವಾಗಿ ಸೋಲಿಸಿದವರು ಬೇರೆ ಇಲ್ಲ" ಎಂದು ಬರೆದಿದ್ದ. ಓದುತ್ತ ಓದುತ್ತ ಕಳೆದುಹೋದ ಬಂಧುಬಳಗವೆಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಂತಾಯಿತು. ಕೊನೆಯಲ್ಲಿ 'ಒಂಟಿ ಧೂಮಕೇತು' ಎಂಬ ಹೆಸರಿಟ್ಟುಕೊಂಡವರೊಬ್ಬರು ತೀರ್ಪು ಕೊಟ್ಟಿದ್ದರು: "ನಾಲ್ಕನೇ ಚಂದ್ರನ ಮೇಲೆ ಇಳಿಯಲು ಸಾಧ್ಯವೇ ಇಲ್ಲ. ಯಾರೂ ಇಳಿದಿಲ್ಲ."

ಬೆರಳುಗಳು ನನ್ನ ಮಾತು ಕೇಳಲಿಲ್ಲ. "ನಾನು ಇಳಿದಿದ್ದೇನೆ. ಆಗ ನನಗೆ ಹನ್ನೆರಡು ವರ್ಷ. ಬಾವುಟ ಹಾರಿತು, ಬ್ಯಾಂಡ್ ಬಾರಿಸಿತು" ಎಂದು ಬರೆದುಬಿಟ್ಟೆ.

ಅಭಿನಂದನೆಗಳ ಮಳೆ! ಒಂಟಿ ಧೂಮಕೇತು, "ಇಷ್ಟು ವರ್ಷದ ನನ್ನ ಅನುಮಾನ ಇಂದು ನೀಗಿತು, ತಲೆಬಾಗಿದ್ದೇನೆ" ಎಂದರು. ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡು ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ನನ್ನ ಹೆಸರಿನ ಪಕ್ಕದಲ್ಲಿದ್ದ ಊರು ನೋಡಿ, "ಮೇಡಂ, ನಮ್ಮೂರೋರೇನಾ! ಸಕ್ಕತ್!" ಎಂದು ಬರೆದಳು. ಎರಡು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಆ ಖುಷಿಯಲ್ಲಿ ಮಾಡಬಾರದ ಕೆಲಸವೊಂದನ್ನು ಮಾಡಿದೆ. ಪುಟದ ಕೊಂಡಿಯನ್ನು ಗಿರಿಗೆ ಕಳಿಸಿದೆ.

ಗಿರಿ ಈಗ ಅಪ್ಪನ ಅಂಗಡಿ ನಡೆಸುತ್ತಾನೆ, ಚಾಮರಾಜಪೇಟೆಯಲ್ಲಿ ಮನೆ. ತಕ್ಷಣ ಫೋನ್ ಮಾಡಿದ.

"ಅಕ್ಕಾ, ಎಲ್ರೂ ನಂಬ್ಬಿಟ್ಟಿದಾರಲ್ಲೇ!"

"ನಿಜ ಹೇಳಿದ್ರೆ ನಂಬ್ದೆ ಇರ್ತಾರಾ?"

"ಸರಿ ಹಾಗಾದ್ರೆ. ಅದೇ ಪುಟದಲ್ಲಿ ಆಟಾನೂ ಆಡ್ಬೋದಂತೆ. ಭಾನುವಾರ ಬೆಳಿಗ್ಗೆ ಬರ್ತೀನಿ. ನನ್ನ ಎದುರಿಗೆ ಇಳಿದು ತೋರ್ಸು. ಇಲ್ದಿದ್ರೆ ನಾನೂ ಒಂದು ಅಭಿಪ್ರಾಯ ಬರೀತೀನಿ."

ಉಳಿದದ್ದು ಆರು ದಿನ. ಶಾಲೆಯಿಂದ ಬಂದವಳೇ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದೆ. ಮೊದಲ ಎರಡು ದಿನ ಮೊದಲನೇ ಚಂದ್ರನೇ ನನ್ನನ್ನು ಒಳಗೆ ಬಿಡಲಿಲ್ಲ. ಕುಕ್ಕರ್ ಎಷ್ಟು ಸಲ ಕೂಗಿತೆಂದು ಎಣಿಸುವವರಿಲ್ಲದೆ ನಮ್ಮ ಮನೆಯವರು ಮೂರು ದಿನ ಬೇಳೆಯ ಗಂಜಿಯನ್ನೇ ಸಾರೆಂದು ಉಂಡರು. ಗುರುವಾರ ಒಂಬತ್ತನೇ ಕ್ಲಾಸಿನಲ್ಲಿ ಚಲನೆಯ ನಿಯಮ ವಿವರಿಸುತ್ತಿದ್ದಾಗ ಚಾಕ್‌ಪೀಸು ಕೈಯಲ್ಲೇ ನಿಂತಿತು. ಅಡ್ಡವೇಗ ಮತ್ತು ಬೀಳುವ ವೇಗ ಬೇರೆಬೇರೆ ಎಂದು ಇಪ್ಪತ್ತೆಂಟು ವರ್ಷದಿಂದ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ, ರಾಕೆಟ್ಟಿಗೆ ಹೇಳಿರಲಿಲ್ಲ! ಮೊದಲು ಅಡ್ಡವೇಗವನ್ನು ಪೂರ್ತಿ ಕೊಲ್ಲಬೇಕು, ಆಮೇಲಷ್ಟೇ ಇಳಿಯಬೇಕು. ಅಂದು ಸಂಜೆಯೇ ಮೂರನೇ ಚಂದ್ರನ ಮೇಲೆ ಇಳಿದೆ. ನಾಲ್ಕನೆಯದು ಮಾತ್ರ ಶನಿವಾರದವರೆಗೂ ನನ್ನನ್ನು ಪುಡಿ ಮಾಡುತ್ತಲೇ ಇತ್ತು.

ಭಾನುವಾರ ಹತ್ತು ಗಂಟೆಗೆ ಗಿರಿ ಮೆಟ್ರೋ ಇಳಿದು, ಸಂಪಿಗೆ ರಸ್ತೆಯಿಂದ ನಡೆದು ಬಂದ. ಫಿಲ್ಟರ್ ಕಾಫಿಯ ಲೋಟ ಹಿಡಿದು ನನ್ನ ಭುಜದ ಹಿಂದೆಯೇ ಕುರ್ಚಿ ಹಾಕಿಕೊಂಡ. ಮೊದಲ ಮೂರು ಸಲ ಪುಡಿ. ಪ್ರತಿ ಸಲವೂ ಅವನು ಸದ್ದು ಮಾಡಿ ಕಾಫಿ ಹೀರಿದ. ನಾಲ್ಕನೇ ಸಲ ಒಂದು, ಎರಡು, ಮೂರು ಚಂದ್ರರನ್ನು ದಾಟಿದೆ. ನಾಲ್ಕನೆಯದರ ಸೆಳೆತ ಶುರುವಾಯಿತು. ಅಡ್ಡವೇಗ ಕೊಂದೆ. ಇಂಧನದ ಗೆರೆ ಜೀರಿಗೆ ಕಾಳಿನಷ್ಟಾಯಿತು.

"ತಿರುಗ್ಸು ಅಕ್ಕಾ, ತಿರುಗ್ಸು!" ಗಿರಿ ಎದ್ದು ನಿಂತಿದ್ದ. ತಾನು ಯಾರ ಪಕ್ಷವೆಂಬುದು ಅವನಿಗೇ ಮರೆತುಹೋಗಿತ್ತು. "ಈಗ ಬೆಂಕಿ! ಸ್ವಲ್ಪ! ಸಾಕು ಸಾಕು!"

ತ್ರಿಕೋನ ತೇಲಿತು, ತಡವರಿಸಿತು, ಕೂತಿತು. ಪುಡಿಯಾಗಲಿಲ್ಲ! ಇಬ್ಬರೂ ಕೂಗಿಕೊಂಡ ರಭಸಕ್ಕೆ ಪಕ್ಕದ ಮನೆಯವರು ಕಿಟಕಿ ತೆರೆದರು. ಪರದೆಯಲ್ಲಿ ಬಾವುಟವಿಲ್ಲ, ಬ್ಯಾಂಡಿಲ್ಲ. ಇಂಗ್ಲಿಷಿನಲ್ಲಿ ಒಂದೇ ಸಾಲು: "ಇಳಿದಿರಿ. ಈಗ ವಾಪಸ್ ಹೊರಡಿ." ಇಂಧನ ಸೊನ್ನೆ.

ಗಿರಿ ನಿಧಾನವಾಗಿ ನನ್ನ ಕಡೆ ತಿರುಗಿದ. "ಬಾವುಟ ಎಲ್ಲಕ್ಕಾ?"

ಗೆದ್ದ ಗಳಿಗೆಯಲ್ಲೇ ಸಿಕ್ಕಿಬಿದ್ದಿದ್ದೆ. ಆದರೆ ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ, ಫೋಟೋ ತೆಗೆಯಲು ಜೇಬಿಗೆ ಕೈ ಹಾಕಿದ, ಇನ್ನೊಂದು ಕೈಯ ಕಾಫಿ ಕೀಬೋರ್ಡಿನ ಮೇಲೆ ಚೆಲ್ಲಿತು. ಆಟ ಮೊದಲಿಗೆ ಹೋಯಿತು, ಲ್ಯಾಪ್‌ಟಾಪ್ ಆಸ್ಪತ್ರೆಗೆ.

ಆಮೇಲೆ ಅವನ ಫೋನಿನಿಂದಲೇ ನಿಜವನ್ನೆಲ್ಲ ಬರೆದೆ: "ಬಾವುಟದ ಮಾತು ಸುಳ್ಳು. ಇಂದು ನಿಜವಾಗಿ ಇಳಿದೆ. ಅಲ್ಲಿ ಬರುವುದು ವಾಪಸ್ ಹೊರಡಿ ಎಂಬ ಸಾಲು." ಒಬ್ಬರೂ ನಂಬಲಿಲ್ಲ. "ಇಷ್ಟು ಕ್ರೂರ ಸಾಲು ಯಾವ ಆಟದಲ್ಲೂ ಇರುವುದಿಲ್ಲ" ಎಂದರು ಒಂಟಿ ಧೂಮಕೇತು. ಗಿರಿ ತನ್ನ ಹೆಸರಿನಲ್ಲಿ, "ನಾನು ಕಣ್ಣಾರೆ ನೋಡಿದ್ದೇನೆ" ಎಂದು ಸಾಕ್ಷಿ ಹೇಳಿದ. "ಇಬ್ಬರೂ ಒಬ್ಬರೇ, ಒಂದೇ ಫೋನು" ಎಂದು ಪುಟದವರು ಪತ್ತೆ ಮಾಡಿದರು. ಮತ್ತಿಕೆರೆಯ ಹುಡುಗಿ ಮಾತ್ರ, "ಬಿಡಿ ಮೇಡಂ, ಬೇಜಾರ್ ಮಾಡ್ಕೋಬೇಡಿ" ಎಂದು ಸಮಾಧಾನ ಹೇಳಿದಳು. ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ವಾದ ಮಾಡಿ ಮಾಡಿ ಸೋತು, ಮೊನ್ನೆ ಇನ್ನೊಂದು ಅಭಿಪ್ರಾಯ ಬರೆದೆ: "ಕ್ಷಮಿಸಿ, ಬಹಳ ಕಷ್ಟದ ಆಟ. ನಾನು ಇಳಿದೇ ಇಲ್ಲ, ನನ್ನಿಂದಾಗಲಿಲ್ಲ." ಗಂಟೆಯೊಳಗೆ ನಲವತ್ತು ಜನ ಮೆಚ್ಚಿದರು. ಒಂಟಿ ಧೂಮಕೇತು ಕೈಮುಗಿದ ಚಿತ್ರ ಹಾಕಿ, ನನ್ನ ಪ್ರಾಮಾಣಿಕತೆ ಎಲ್ಲ ಆಟಗಾರರಿಗೂ ಮಾದರಿ ಎಂದು ಬರೆದಿದ್ದಾರೆ. ನಾನೂ ಸಂಕೋಚಪಡದೆ ಧನ್ಯವಾದ ಹೇಳಿದ್ದೇನೆ.